ರಿಸೆಪ್ಷನಿಸ್ಟ್ ಕೆಲಸಕ್ಕೆ ಅರ್ಜಿ ಹಾಕುವವರಿಗೆ

ನಾನು ಮೈಸೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಆರು ವರ್ಷ ರಿಸೆಪ್ಷನ್‌ನಲ್ಲಿ ಕೂತವಳು. ಈಗ ಹೊಸಬರ ಇಂಟರ್‌ವ್ಯೂನಲ್ಲಿ ನಾನೂ ಇರುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ರೆಸ್ಯೂಮೆ ಒಂದೇ ಪುಟ ಸಾಕು. ಬರುವ ಭಾಷೆಗಳನ್ನು ಮೇಲೆಯೇ ಬರೆಯಿರಿ, ಮಾತಾಡಲು ಮಾತ್ರವೋ ಓದಲು ಬರೆಯಲೂ ಬರುತ್ತದೋ ಅಂತ ಬಿಡಿಸಿ. ಹಳ್ಳಿಯಿಂದ ಬಂದ ಅಜ್ಜಿಗೆ ಟೋಕನ್ ನಂಬರ್ ಎರಡು ಸಲ ನಿಧಾನವಾಗಿ ಹೇಳಿ, ಅಷ್ಟರಲ್ಲಿ ರಿಂಗಾಗುವ ಇನ್ಶೂರೆನ್ಸ್‌ನವರ ಫೋನಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡಬೇಕು, ಈ ಕೆಲಸದ ಮುಕ್ಕಾಲು ಪಾಲು ಅದೇ.

ಇಂಟರ್‌ವ್ಯೂಗೆ ಕರೆಯಲು ಫೋನ್ ಮಾಡುತ್ತಾರಲ್ಲ, ನಿಜವಾದ ಪರೀಕ್ಷೆ ಅಲ್ಲೇ ಶುರು. "ಹಾಂ, ಯಾರು?" ಅನ್ನಬೇಡಿ. ನಮಸ್ಕಾರ ಅನ್ನಿ, ಹೆಸರು ಹೇಳಿ. ಬಸ್ಸಿನಲ್ಲಿದ್ದರೆ ಹತ್ತು ನಿಮಿಷ ಬಿಟ್ಟು ನಾನೇ ಮಾಡುತ್ತೇನೆ ಅನ್ನಿ, ಹೇಳಿದ ಹೊತ್ತಿಗೆ ಮಾಡಿ. ಒಬ್ಬ ಹುಡುಗಿ ಹಾಗೆ ಮಾಡಿದ್ದಳು, ಕೊನೆಗೆ ಅವಳನ್ನೇ ತೆಗೆದುಕೊಂಡೆವು.

ಸಂಬಳ, ಪಿಎಫ್, ಶಿಫ್ಟ್ ಕೇಳಲು ಸಂಕೋಚ ಬೇಡ. ರಾತ್ರಿ ಪಾಳಿ ಇದ್ದರೆ ಮನೆಗೆ ಬಿಡಲು ಗಾಡಿ ಇದೆಯಾ ಅಂತ ಕೇಳಲೇಬೇಕು. ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ನೌಕರರಿಗೆ ಚಿಕಿತ್ಸೆ ಕೊಡಿಸುವ ಸರ್ಕಾರಿ ವಿಮೆ) ಬಗ್ಗೆಯೂ ವಿಚಾರಿಸಿ, ನಿಮ್ಮ ಸಂಬಳದಲ್ಲಿ ಹಿಡಿಯುವುದು ಶೇ. 0.75 ಅಷ್ಟೇ.

ರಿಜಿಸ್ಟ್ರೇಷನ್, ಯೂನಿಫಾರ್ಮ್ ಅಂತ ಮೊದಲೇ ದುಡ್ಡು ಕೇಳಿದರೆ ಎದ್ದು ಬನ್ನಿ. ನನ್ನ ತಂಗಿ ಹಾಗೆ 1,500 ಕಟ್ಟಿದಳು, ಮಾರನೇ ದಿನದಿಂದ ಆ ನಂಬರ್ ಸ್ವಿಚ್ ಆಫ್. ಮಾರ್ಕ್ಸ್ ಕಾರ್ಡ್ ಕೂಡ ಜೆರಾಕ್ಸ್ ಮಾತ್ರ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತೆಗೆದುಕೊಳ್ಳಿ.