ಪಟ್ಟಿಯಲ್ಲಿ ಇಲ್ಲದ ತಾಯಿ

ನಮ್ಮದು ಕೊಡವರ ಒಕ್ಕ, ಅಂದರೆ ಮನೆತನ. ಅದರ ವಂಶಾವಳಿ ಐನ್‌ಮನೆಯ, ಅಂದರೆ ಮೂಲಮನೆಯ ಗೋಡೆ ಮೇಲಿದೆ. ಗಂಡಸರೆಲ್ಲ ಇದ್ದಾರೆ, ಹೆಂಡತಿಯರು ಅಲ್ಲಲ್ಲಿ. ಅಜ್ಜನ ಪಕ್ಕದಲ್ಲಿ ಎರಡನೇ ಹೆಂಡತಿಯ ಹೆಸರು ಮಾತ್ರ. ಅಪ್ಪನನ್ನು ಹೆತ್ತ ಮೊದಲ ಹೆಂಡತಿ ಇಲ್ಲವೇ ಇಲ್ಲ. ಅಪ್ಪನಿಗೆ ಎಂಟು ವರ್ಷವಿದ್ದಾಗ ತೀರಿಹೋದವರು. ಕೊಡವರಲ್ಲಿ ಅಜ್ಜಿಯನ್ನು 'ತಾಯಿ' ಅಂತೀವಿ, ಅಮ್ಮ ಅಂದರೆ 'ಅವ್ವ'. ಹಾಗಾಗಿ ನಾನು ಹುಡುಕಿದ್ದು ನಮ್ಮ ತಾಯಿಯನ್ನು. ಹುಟ್ಟು-ಸಾವಿನ ದಾಖಲೆಯ ಕಚೇರಿಯಲ್ಲಿ ಇದನ್ನು ವಿವರಿಸುವಷ್ಟರಲ್ಲಿ ಸಾಕಾಗಿತ್ತು.

ಮೊದಲ ತಪ್ಪು ನನ್ನದೇ. ನಮ್ಮ ಒಕ್ಕದ ಹೆಸರಲ್ಲಿ ಅವರ ಹುಟ್ಟಿನ ದಾಖಲೆ ಕೇಳಿದೆ. ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ, ಇನಿಷಿಯಲ್ ಕೂಡ ಬದಲಾಗುತ್ತದೆ. ಹುಡುಕಬೇಕಾದದ್ದು ತವರಿನ ಒಕ್ಕದಲ್ಲಿ. ಅದು ಯಾವುದು ಅಂತ ಅಪ್ಪನಿಗೇ ಗೊತ್ತಿರಲಿಲ್ಲ. 'ನಾಪೋಕ್ಲು ಕಡೆ' ಅಷ್ಟೇ.

ದಾರಿ ಸಿಕ್ಕಿದ್ದು ಅರುವರ, ಅಂದರೆ ಒಕ್ಕದ ಪರವಾಗಿ ಮಾತಾಡುವವರ ಮನೆಯಲ್ಲಿ. ಮದುವೆಯಲ್ಲಿ 'ಸಂಬಂಧ ಕೊಡುವಾಗ', ಅಂದರೆ ಹೆಣ್ಣನ್ನು ಗಂಡನ ಒಕ್ಕಕ್ಕೆ ಸೇರಿಸುವ ಶಾಸ್ತ್ರದಲ್ಲಿ, ಎರಡೂ ಕಡೆಯ ಅರುವರು ಎದುರುಬದುರು ನಿಂತು ಮಾತಾಡುತ್ತಾರೆ, ಅಲ್ವಾ? ನಮ್ಮ ಒಕ್ಕಕ್ಕೆ ಹಿಂದಿನಿಂದಲೂ ಒಂದೇ ಮನೆಯವರು ಅರುವರು. ಆ ಮನೆಯ ಹಿರಿಯರು, "ಅದು ನಮ್ಮಪ್ಪ ನಿಂತು ಮಾಡಿಸಿದ ಮದುವೆ" ಎಂದು ತವರಿನ ಹೆಸರು ಹೇಳಿಯೇಬಿಟ್ಟರು. ಎರಡು ವರ್ಷ ಸುಮ್ನೆ ಕಚೇರಿ ಸುತ್ತಿದ್ದೆ.

ನಾಪೋಕ್ಲು ಐನ್‌ಮನೆಯಲ್ಲಿ ತಾಯಿಯ ಅಣ್ಣನ ಮಗಳು ಇದ್ದರು. "ದೊಡ್ಡ ನೆರೆ ಬಂದ ವರ್ಷ, ಕಕ್ಕಡದಲ್ಲಿ ಹುಟ್ಟಿದವರಂತೆ" ಎಂದರು. ದೊಡ್ಡ ನೆರೆ ಅಂದರೆ 1924ರ ಜುಲೈನಲ್ಲಿ ಕಾವೇರಿ ಉಕ್ಕಿದ್ದು. ಕಕ್ಕಡ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತ್ರ 1922ರ ಜೂನ್ 1 ಅಂತಿತ್ತು. ಅದನ್ನು ನಾನು ನಂಬಲಿಲ್ಲ. ಮೇಷ್ಟ್ರು ಕೊಟ್ಟ ಜೂನ್ 1ರ ಹುಟ್ಟುಹಬ್ಬ ನಮ್ಮೂರಲ್ಲಿ ಎಷ್ಟು ಜನಕ್ಕಿಲ್ಲ!

ಹೊಸ ಅರ್ಜಿಗೂ 'ದಾಖಲೆ ಇಲ್ಲ' ಎಂದೇ ಉತ್ತರ ಬಂತು. ಮಗುವಿನ ಹೆಸರು ಹಿಡಿದು ಹುಡುಕಿದ್ದರು. ಹಳೆಯ ಪುಸ್ತಕದಲ್ಲಿ ಮಗುವಿನ ಹೆಸರು ಎಲ್ಲಿರುತ್ತದೆ? ಹುಟ್ಟು ಬರೆಸುವಾಗ ಇನ್ನೂ ಹೆಸರಿಟ್ಟಿರುವುದಿಲ್ಲ. ತಂದೆಯ ಹೆಸರು, ಊರು, 'ಹೆಣ್ಣು' ಅಂತ ಬರೆದು ಮತ್ತೆ ಕೊಟ್ಟೆ. ಆ ಒಂದು ತಿಂಗಳ ಹಾಳೆಗಳಲ್ಲೇ ಸಿಕ್ಕಿತು: ಜುಲೈ 29. ಒಕ್ಕದ ಹೆಸರಲ್ಲಿ ಒಂದು ಅಕ್ಷರ ತಪ್ಪು.

ಸತ್ತ ದಿನಕ್ಕೆ ಅಷ್ಟು ಕಷ್ಟವಾಗಲಿಲ್ಲ. ಆ ವರ್ಷ ಮನೆಯಲ್ಲಿ ಸೂತಕ, ಪುತ್ತರಿಗೆ, ಅಂದರೆ ಸುಗ್ಗಿ ಹಬ್ಬಕ್ಕೆ, ಭತ್ತದ ಕದಿರು ತೆಗೆಯಲು ಹೋಗಲಿಲ್ಲ ಎನ್ನುವುದು ಅಪ್ಪನಿಗೆ ಚೆನ್ನಾಗಿ ನೆನಪಿತ್ತು. 1950ರಿಂದ ಮೂರು ವರ್ಷದ, ಪುತ್ತರಿ ಬರುವ ನವೆಂಬರ್, ಡಿಸೆಂಬರ್ ನೋಡಿಸಿದೆ. 1951ರ ಡಿಸೆಂಬರ್‌ನಲ್ಲಿ ಅಜ್ಜನ ಹೆಸರಿನ ಕೆಳಗೆ 'ಹೆಂಡತಿ, 27' ಅಂತಿತ್ತು. ಕಾರಣ 'ಜ್ವರ'. ಆ ಪುಟದಲ್ಲಿ ಮುಕ್ಕಾಲು ಜನಕ್ಕೆ ಜ್ವರವೇ.

ಅಪ್ಪ ಎರಡೂ ನಕಲುಗಳನ್ನು ಪೆಟ್ಟಿಗೆಯಲ್ಲಿಟ್ಟು, "ಅವ್ವನ ಅವ್ವ ಯಾವ ಒಕ್ಕದವರು?" ಎಂದು ಕೇಳಿದರು. ನಾಪೋಕ್ಲಿನವರಿಗೆ ಅರುವರು ಯಾರು ಅಂತ ಈಗ ವಿಚಾರಿಸುತ್ತಿದ್ದೇನೆ.