ನಾಲ್ಕು ಸೆಂಟ್ ತರಕಾರಿ ಜಾಗ: ಮೊದಲ ವರ್ಷದ ಅನುಭವ

ನಾನು ಬೆಳೆದದ್ದು ಮಂಡ್ಯ ಜಿಲ್ಲೆಯ ನಾಲೆಯ ಬಯಲಿನಲ್ಲಿ. ಅಲ್ಲಿ ಬೇಸಾಯವೆಂದರೆ ಮೊದಲು ನೀರು ಕಟ್ಟುವುದು. ಸರದಿ ಬಂದ ರಾತ್ರಿ ಗದ್ದೆಗೆ ಹೋಗಿ, ಒಂದು ಪಾತಿ ತುಂಬಿದ ಮೇಲೆ ಬದು ಕಡಿದು ಮುಂದಿನ ಪಾತಿಗೆ ನೀರು ತಿರುಗಿಸುತ್ತಿದ್ದ ತಂದೆಯ ಜೊತೆ ನಿಂತು ಕಲಿತ ಕೆಲಸವದು. ಶಿಕ್ಷಕನಾಗಿ ಮಡಿಕೇರಿಗೆ ಬಂದು ಹಲವು ವರ್ಷಗಳಾಗಿದ್ದರೂ ಬಾಡಿಗೆ ಮನೆಯಲ್ಲಿ ಬಟ್ಟೆ ಒಣಗಿಸುವುದಕ್ಕೇ ಜಾಗ ಸಾಲದು. ಹೀಗಿರುವಾಗ ಪರಿಚಯದ ಕಾಫಿ ಬೆಳೆಗಾರರೊಬ್ಬರು, ಆಳು ಸಿಗದೆ ಪಾಳುಬಿಟ್ಟಿದ್ದ ತಮ್ಮ ಗದ್ದೆಯ ಮೇಲಂಚನ್ನು ಐದು ಪಾಲು ಮಾಡಿ, ತರಕಾರಿ ಬೆಳೆಯುವ ಆಸೆಯಿದ್ದ ಐದು ಮನೆಯವರಿಗೆ ಕೊಟ್ಟರು. ನನ್ನ ಪಾಲಿಗೆ ಬಂದದ್ದು ನಾಲ್ಕು ಸೆಂಟ್, ಅಂದರೆ ಸುಮಾರು 58 ಅಡಿ ಉದ್ದ, 30 ಅಡಿ ಅಗಲದ, ಒಂದು ಬದಿಗೆ ವಾಲಿದ ಜಾಗ.

ಫೆಬ್ರವರಿಯಲ್ಲಿ ಕಾಡು ಕಡಿಯುವುದರಿಂದ ಕೆಲಸ ಶುರುವಾಯಿತು. ಆಳೆತ್ತರದ ಕಮ್ಯೂನಿಸ್ಟ್ ಗಿಡವೆಂಬ ಕಳೆ, ಲಂಟಾನ, ನೆಲಕ್ಕೆ ಹಬ್ಬಿದ ನಾಚಿಕೆಮುಳ್ಳು ಎಲ್ಲವನ್ನೂ ಕತ್ತಿಯಿಂದ ಸವರಿದೆವು. ಬೆಂಕಿ ಹಾಕಿದರೆ ಒಂದು ದಿನದ ಕೆಲಸವಾಗುತ್ತಿತ್ತು. ಆದರೆ ಪಕ್ಕದಲ್ಲೇ ತೋಟವಿರುವಾಗ ಬೇಸಿಗೆಯಲ್ಲಿ ಬೆಂಕಿಯ ಮಾತನ್ನೇ ಎತ್ತಬಾರದು. ಕಡಿದ ಸೊಪ್ಪನ್ನು ಮೂಲೆಯ ಗುಂಡಿಗೆ ತುಂಬಿ, ನಡುನಡುವೆ ಸಗಣಿ ನೀರು ಚಿಮುಕಿಸಿ, ಮೇಲೆ ಕಾಫಿ ಸಿಪ್ಪೆ ಹರಡಿ ಮುಚ್ಚಿಟ್ಟೆ. ಅದು ಗೊಬ್ಬರವಾಗಿ ಕೈಗೆ ಬಂದದ್ದು ಸೆಪ್ಟೆಂಬರಿನಲ್ಲಿ.

ಮಣ್ಣನ್ನು ಪರೀಕ್ಷೆ ಮಾಡಿಸದೆ ಏನನ್ನೂ ಹಾಕಬಾರದೆಂದು ತೀರ್ಮಾನಿಸಿದ್ದೆ. ಎಂಟು ಕಡೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಆರಿಂಚು ಆಳ ಅಗೆದು, ಗುಂಡಿಯ ಬದಿಯಿಂದ ಮಣ್ಣು ಕೆರೆದು ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗಗಳನ್ನು ತೆಗೆದುಹಾಕುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ ಕಳಿಸಿದೆ. ರಸಸಾರ (ಪಿಎಚ್; 7ಕ್ಕಿಂತ ಕಡಿಮೆಯಾದಷ್ಟೂ ಮಣ್ಣು ಹುಳಿ) 5.2 ಎಂದು ಬಂತು. ಇಲ್ಲಿನ ಮಳೆ ಮಣ್ಣಿನಲ್ಲಿರುವ ಸುಣ್ಣದ ಅಂಶವನ್ನು ವರ್ಷವರ್ಷವೂ ತೊಳೆದು ಕೆಳಕ್ಕೆ ಒಯ್ಯುವುದರಿಂದ ಹುಳಿಮಣ್ಣು ಕೊಡಗಿನಲ್ಲಿ ಹೊಸ ಸಂಗತಿಯಲ್ಲ. ಕಾಫಿ ಅದನ್ನು ಸಹಿಸಿಕೊಳ್ಳುತ್ತದೆ, ಬೀನ್ಸ್ ಮತ್ತು ಕೋಸು ಸಹಿಸಿಕೊಳ್ಳುವುದಿಲ್ಲ. ಮಾರ್ಚಿನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ನೆಲ ಹದವಾದ ಮಾರನೆಯ ದಿನವೇ ನಾಲ್ಕು ಸೆಂಟಿಗೆ 30 ಕಿಲೋ ಕೃಷಿ ಸುಣ್ಣ ಎರಚಿ ಅಗೆದು ಬೆರೆಸಿದೆ. ಸುಣ್ಣವನ್ನೂ ಸಗಣಿ ಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುವುದರಿಂದ ಗೊಬ್ಬರಕ್ಕೆ ಮೂರು ವಾರ ಕಾದೆ.

ತಪ್ಪು ಮಾಡಿದ್ದು ಅದರ ನಂತರ. ಊರಿನ ಅಭ್ಯಾಸದಂತೆ ನೆಲವನ್ನು ಮಟ್ಟ ಮಾಡಿ, ಸುತ್ತ ಬದು ಕಟ್ಟಿ, ಅಚ್ಚುಕಟ್ಟಾದ ಪಾತಿಗಳನ್ನು ಮಾಡಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅವು ಚೆನ್ನಾಗಿಯೇ ನಡೆದವು: ಹರಿವೆ ಸೊಪ್ಪು ನಾಲ್ಕು ವಾರಕ್ಕೆ ಕೊಯ್ಲಿಗೆ ಬಂತು, ಅರ್ಕಾ ಕೋಮಲ್ ಬೀನ್ಸ್ ಐವತ್ತನೆಯ ದಿನದಿಂದ ಬುಟ್ಟಿ ತುಂಬಿತು. ಪಕ್ಕದ ಪಾಲಿನ ಹಿರಿಯರು ಒಂದು ಸಂಜೆ ಬದುವಿನ ಮೇಲೆ ನಿಂತು ನೋಡಿ, “ಮೇಷ್ಟ್ರೇ, ಇದು ತರಕಾರಿಗಾ, ಭತ್ತದ ನಾಟಿಗಾ?” ಎಂದು ಕೇಳಿದರು. ತಮಾಷೆಯೆಂದುಕೊಂಡು ನಕ್ಕುಬಿಟ್ಟೆ.

ಟೊಮೆಟೊ ಗಿಡಗಳು ಮಾತ್ರ ಮಳೆಗಾಲಕ್ಕೆ ಮುಂಚೆಯೇ ಕೈಕೊಟ್ಟಿದ್ದವು. ಮೇ ಕೊನೆಯಲ್ಲಿ, ಕಾಯಿ ಕಚ್ಚಿದ್ದ ಗಿಡವೊಂದು ಮಧ್ಯಾಹ್ನ ಬಾಡಿತು. ಎಲೆ ಹಳದಿಯಾಗಿರಲಿಲ್ಲ, ಹುಳುವಿನ ಗುರುತೂ ಇರಲಿಲ್ಲ. ಎಲೆಗಳೆಲ್ಲ ಹಸಿರಾಗಿದ್ದಂತೆಯೇ ತಲೆಬಾಗಿಸಿತು. ನೀರು ಸಾಲದೇನೋ ಎಂದು ಇನ್ನೆರಡು ಕೊಡ ಸುರಿದೆ. ನಾಲ್ಕು ದಿನದಲ್ಲಿ ಒಂಬತ್ತು ಗಿಡಗಳು ಹೋದವು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದಾಗ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದನ್ನು ಹೇಳಿಕೊಟ್ಟರು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿದೆ. ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ, ಊದುಬತ್ತಿಯ ಹೊಗೆಯನ್ನು ತಲೆಕೆಳಗು ಮಾಡಿದಂತೆ, ನೀರಿನೊಳಗೆ ನೇರವಾಗಿ ಇಳಿಯತೊಡಗಿತು. ದುಂಡಾಣು ಸೊರಗು ರೋಗವೆಂದರೆ ಇದೇ. ಅದು ಮಣ್ಣಿನಲ್ಲಿ ಉಳಿಯುತ್ತದೆ, ನೀರಿನ ಜೊತೆ ಹರಿದು ಪಕ್ಕದ ಗಿಡದ ಬೇರಿಗೆ ಹೋಗುತ್ತದೆ. ನಾನು ಸುರಿದ ಎರಡೆರಡು ಕೊಡ ನೀರು ರೋಗಕ್ಕೆ ದಾರಿ ಮಾಡಿಕೊಟ್ಟಿತ್ತು. ಗಿಡಗಳನ್ನು ಬೇರುಸಹಿತ ಕಿತ್ತು, ಗೊಬ್ಬರ ಗುಂಡಿಗೆ ಹಾಕದೆ ದೂರ ಒಯ್ದು ಸುಟ್ಟೆ. ಆ ಪಾತಿಯಲ್ಲಿ, ಇದೇ ರೋಗಕ್ಕೆ ತುತ್ತಾಗುವ ಟೊಮೆಟೊ, ಬದನೆ, ಮೆಣಸಿನಕಾಯಿ ಮೂರನ್ನೂ ಸದ್ಯಕ್ಕೆ ನಿಲ್ಲಿಸಿ ಜೋಳ ಹಾಕಿದ್ದೇನೆ. ಮುಂದೆ ಟೊಮೆಟೊ ಬೆಳೆದರೆ, ಈ ರೋಗವನ್ನು ತಡೆದುಕೊಳ್ಳುವ ಅರ್ಕಾ ರಕ್ಷಕ್ ತಳಿಯನ್ನೇ ಬೇರೆ ಮಡಿಯಲ್ಲಿ ಬೆಳೆಯುತ್ತೇನೆ.

ಜೂನ್ ಎರಡನೆಯ ವಾರ, ಮೃಗಶಿರ ಮಳೆ ಹಿಡಿಯಿತು. ಇಲ್ಲಿನ ಬೆಳೆಗಾರರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಜಾಗ ಕೊಟ್ಟವರ ಮಳೆಮಾಪಕದಲ್ಲಿ ಒಂದೇ ದಿನ ನಾಲ್ಕು ಇಂಚು ಇಪ್ಪತ್ತು ಸೆಂಟ್ ಬಂದ ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಪಾತಿಗಳೆಲ್ಲ ಕೆಂಪು ಕೆರೆಗಳಾಗಿದ್ದವು. ಬೀನ್ಸ್ ಗಿಡಗಳು ವಾರದೊಳಗೆ ಬುಡ ಕೊಳೆತು ಬಿದ್ದವು. ಹಿರಿಯರು ಕೇಳಿದ ಪ್ರಶ್ನೆಯಲ್ಲಿ ತಮಾಷೆ ಎಷ್ಟಿತ್ತೆಂಬುದು ಆಗ ಅರ್ಥವಾಯಿತು.

ಮಳೆಯಲ್ಲೇ, ಪ್ಲಾಸ್ಟಿಕ್ ಗೊರಬೆ ಹೊದ್ದು, ಕಾಲಿಗೆ ಜಿಗಣೆ ಹತ್ತದಂತೆ ಸುಣ್ಣ ಮತ್ತು ಹೊಗೆಸೊಪ್ಪಿನ ನೀರು ಸವರಿಕೊಂಡು, ಅವರ ಜೊತೆ ನಿಂತು ಇಡೀ ಜಾಗವನ್ನು ಮತ್ತೆ ಕಟ್ಟಿದೆ. ಮೊದಲ ಕೆಲಸ ಮೇಲಂಚಿನಲ್ಲಿ ಒಂದೂವರೆ ಅಡಿ ಆಳದ ತಡೆ ಚರಂಡಿ. ಬಾಣೆಯಿಂದ, ಅಂದರೆ ಗದ್ದೆಯ ಮೇಲಿನ ದಿಣ್ಣೆಯಿಂದ, ಇಳಿದುಬರುವ ನೀರು ನನ್ನ ಜಾಗಕ್ಕೆ ಕಾಲಿಡುವ ಮೊದಲೇ ಅದು ಅಡ್ಡಗಟ್ಟಿ ಬದಿಗೆ ಒಯ್ಯಬೇಕು. ಒಯ್ದ ನೀರನ್ನು ಎಲ್ಲಿ ಬಿಡುವುದು ಎಂಬುದು ಅಗೆಯುವುದಕ್ಕಿಂತ ದೊಡ್ಡ ಪ್ರಶ್ನೆ. 2018ರ ಆಗಸ್ಟಿನಲ್ಲಿ ಈ ಜಿಲ್ಲೆಯ ಗುಡ್ಡಗಳು ಕುಸಿದದ್ದನ್ನು ಕಂಡವರು ಯಾರೂ ಬರಿಯ ಇಳಿಜಾರಿನ ಮೇಲೆ ಚರಂಡಿ ಬಾಯಿ ತೆರೆಯುವುದಿಲ್ಲ. ನಾವು ಕಲ್ಲು ಹಾಸಿ ಹಳೆಯ ತೋಡಿಗೇ (ಸಣ್ಣ ಹಳ್ಳಕ್ಕೇ) ಸೇರಿಸಿದೆವು. ಆಮೇಲೆ ಇಳಿಜಾರಿಗೆ ಅಡ್ಡವಾಗಿ ಮೂರಡಿ ಅಗಲ, ಒಂದಡಿ ಎತ್ತರದ ಆರು ಏರುಮಡಿಗಳು, ನಡುವೆ ಒಂದೂವರೆ ಅಡಿಯ ಕಾಲುವೆಗಳು. ಕಾಲುವೆ ಪೂರ್ತಿ ಮಟ್ಟವಾಗಿದ್ದರೆ ನೀರು ನಿಲ್ಲುತ್ತದೆ, ಇಳಿಜಾರು ಹೆಚ್ಚಾದರೆ ಮಣ್ಣು ಕೊಚ್ಚುತ್ತದೆ. ಗಾರೆಯವರು ಮಟ್ಟ ನೋಡಲು ಬಳಸುವ ನೀರಿನ ಪೈಪಿನಿಂದ ಅಳೆದು 55 ಅಡಿಯ ಕಾಲುವೆಗೆ ಆರೇಳು ಇಂಚಿನ ಇಳಿತ ಇಟ್ಟೆವು. ಕಾಲುವೆಗಳು ಕೂಡುವ ಎರಡು ಕಡೆ, ಕಾಫಿ ತೋಟದವರು ತೊಟ್ಟಿಲು ಗುಂಡಿ ಎನ್ನುವ ಉದ್ದನೆಯ ಗುಂಡಿಗಳನ್ನು ತೆಗೆದೆವು. ಕೊಚ್ಚಿಬಂದ ಮೇಲ್ಮಣ್ಣು ಅಲ್ಲಿ ತಂಗಿ, ತಿಳಿನೀರು ಮಾತ್ರ ಮುಂದೆ ಹೋಗುತ್ತದೆ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತರಕಾರಿಯ ಆಸೆಯನ್ನು ಹೆಚ್ಚು ಇಟ್ಟುಕೊಳ್ಳಬಾರದು. ಕೆಸು ಬೆಳೆಯಿತು, ಅರಿಶಿನ ಬೆಳೆಯಿತು, ಚಪ್ಪರಕ್ಕೆ ಹತ್ತಿಸಿದ ಮಳೆಗಾಲದ ಸೌತೆ ಅಷ್ಟಿಷ್ಟು ಕಾಯಿ ಕೊಟ್ಟಿತು. ಬೇಲಿಯ ಬದಿಯಲ್ಲಿ ತಾನಾಗಿ ಎದ್ದಿದ್ದ ಮದ್ದುಸೊಪ್ಪಿನ ಗಿಡದಿಂದ ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು (ಆಗಸ್ಟ್ ಮೊದಲ ವಾರ) ಐದೂ ಮನೆಯವರು ಸೊಪ್ಪು ಕೊಯ್ದು ನೇರಳೆ ಬಣ್ಣದ ಪಾಯಸ ಮಾಡಿದೆವು. ಆ ತಿಂಗಳ ನಿಜವಾದ ಫಸಲು ಅದೊಂದೇ. ಹನಿಗಳ ಹೊಡೆತಕ್ಕೆ ಮಡಿ ಗಟ್ಟಿಯಾಗದಿರಲೆಂದು ಹಾಲುವಾಣ ಮರದ ಸೊಪ್ಪು ಮತ್ತು ತರಗೆಲೆ ಹೊದಿಸಿದ್ದೆ. ಮಣ್ಣು ಉಳಿಯಿತು, ಆದರೆ ಹೊದಿಕೆಯ ಕೆಳಗೆ ಗೊಂಡೆಹುಳುಗಳು ಸಂಸಾರ ಹೂಡಿದವು. ವಿಷದ ಗುಳಿಗೆ ಹಾಕಲು ಅಕ್ಕಪಕ್ಕದ ನಾಯಿಗಳ ಭಯ. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿನ ಡಬ್ಬಕ್ಕೆ ಹಾಕುವುದೇ ಗತಿಯಾಯಿತು. ಎಳೆಯ ಸಸಿಗಳ ಬುಡದಿಂದ ಒಂದು ಗೇಣು ಹೊದಿಕೆ ಸರಿಸಿಟ್ಟ ಮೇಲೆ ಕಾಟ ತಗ್ಗಿತು.

ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದ ಹಬ್ಬ ಮುಗಿದ ಮೇಲೆ ಎಲೆಕೋಸು, ಹೂಕೋಸು, ನವಿಲುಕೋಸುಗಳ ಒಟ್ಲು (ಸಸಿಮಡಿ) ಹಾಕಿದೆ. ಬಿದಿರಿನ ದಬ್ಬೆ ಬಗ್ಗಿಸಿ ಮೇಲೆ ಪಾಲಿಥೀನ್ ಹೊದಿಸಿದ್ದು ಮಳೆಗೆ. ಸಸಿಯ ಬುಡ ಕೊಳೆಯದಿರಲು ಬಿತ್ತುವ ಮೊದಲೇ ಒಟ್ಲಿನ ಮಣ್ಣಿಗೆ ಶೇಕಡಾ ಒಂದರ ಬೋರ್ಡೋ ದ್ರಾವಣ ಸುರಿದೆ. ಪ್ಲಾಸ್ಟಿಕ್ ಬಕೆಟಿನ ಐದು ಲೀಟರ್ ನೀರಿನಲ್ಲಿ 100 ಗ್ರಾಂ ಮೈಲುತುತ್ತ, ಇನ್ನೊಂದರ ಐದು ಲೀಟರಿನಲ್ಲಿ 100 ಗ್ರಾಂ ಸುಣ್ಣ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಆಗಬಾರದು. ಹೊಳೆಯುವ ಚಾಕುವನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನೂ ಸುಣ್ಣ ಬೇಕೆಂದರ್ಥ. ಕಾಳುಮೆಣಸು ಬೆಳೆಯುವ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಈ ಪರೀಕ್ಷೆಯನ್ನು ನಾನು ಕಲಿತದ್ದು ನನ್ನ ವಿದ್ಯಾರ್ಥಿಯೊಬ್ಬನಿಂದ.

ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ವಾರದಲ್ಲಿ ಸಸಿಗಳನ್ನು ಮಡಿಗೆ ನೆಟ್ಟೆ. ಅಲ್ಲಿಂದ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯವರೆಗಿನ ದಿನಗಳು ಕೊಡಗಿನಲ್ಲಿ ತರಕಾರಿಗೆ ಹೇಳಿ ಮಾಡಿಸಿದ ಕಾಲವೆಂದು ನನ್ನ ಅಭಿಪ್ರಾಯ: ಬೆಳಿಗ್ಗೆ ಮಂಜು, ಮಧ್ಯಾಹ್ನ ಎಳೆಬಿಸಿಲು, ಮಣ್ಣಿನಲ್ಲಿ ಇನ್ನೂ ಆರದ ತೇವ. ಮೂಲಂಗಿ ಮತ್ತು ನವಿಲುಕೋಸು ಮೊದಲು ಬಂದವು. ಡಿಸೆಂಬರಿನಲ್ಲಿ ಜಾಗದ ಮಾಲೀಕರ ಮನೆಗೆ ಆರು ಹೂಕೋಸು ಒಯ್ದು ಕೊಟ್ಟೆ. ಒಂದೇ ರಾತ್ರಿ ಹಂದಿ ನುಗ್ಗಿ ಕೆಸುವಿನ ಮಡಿಯನ್ನು ನೇಗಿಲು ಹೂಡಿದಂತೆ ಉತ್ತುಹೋಯಿತು. ಬೇಲಿಗೆ ಕಟ್ಟಿದ ಹಳೆಯ ಸೀರೆಗಳನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಹಾಗಾಗಿ ಈ ವರ್ಷ ಗೆಡ್ಡೆಗಳನ್ನು ಮನೆಗಳ ಬದಿಯ ಪಾಲಿಗೆ ಅದಲುಬದಲು ಮಾಡಿಕೊಂಡಿದ್ದೇವೆ.

ಜನವರಿಯಲ್ಲಿ ತೋಡು ಸಣ್ಣಗಾಯಿತು, ಕೊಡ ಹೊತ್ತು ನೀರು ಹಾಕುವ ಕೆಲಸ ಬಂತು. ತೊಟ್ಟಿಲು ಗುಂಡಿಗಳು ಒಣಗಿ ತಳ ಬಿರಿದಿದ್ದವು. ಗುದ್ದಲಿಯಿಂದ ಬಗೆದಾಗ ಎರಡರಿಂದಲೂ ಸೇರಿ ಇಪ್ಪತ್ತೆರಡು ಬುಟ್ಟಿ ಕಪ್ಪು ಮಣ್ಣು ಸಿಕ್ಕಿತು. ಅದನ್ನು ಆರು ಮಡಿಗಳಿಗೂ ಹಂಚಿ ಹರಡಿದ್ದೇನೆ. ಹೂಮಳೆ ಬಿದ್ದ ಮೇಲೆ ಸುಣ್ಣ ಎಷ್ಟು ಬೇಕೆಂದು ತಿಳಿಯಲು ಮಣ್ಣನ್ನು ಮತ್ತೆ ಪರೀಕ್ಷೆಗೆ ಕಳಿಸಿದ್ದೇನೆ.