ಹಸಿರೆಲ್ಲ ಕಾಡಲ್ಲ: ನಿಮ್ಮ ಕಣಿವೆಯ ನಕ್ಷೆ ನೀವೇ ಮಾಡಿ

ಉಪಗ್ರಹದ ಚಿತ್ರದಲ್ಲಿ ನೋಡಿದರೆ ನಮ್ಮ ಶಿರಸಿ ಕಡೆ ಎಲ್ಲಾ ಹಸಿರೇ. ತೋಟವೂ ಹಸಿರು, ತೋಟಕ್ಕೆ ಸೊಪ್ಪು ಕಡಿಯುವ ಬೆಟ್ಟವೂ ಹಸಿರು, ಕಾನು ಅನ್ನುವ ನಿತ್ಯಹರಿದ್ವರ್ಣ ಕಾಡೂ ಹಸಿರು. ಅದನ್ನೇ ನಂಬಿದರೆ ನಾವೆಲ್ಲ ಋಷಿಗಳ ಹಾಗೆ ಕಾಡಲ್ಲಿ ಕೂತಿದ್ದೇವೆ ಅಂತಾಗುತ್ತದೆ! ಮನುಷ್ಯನ ಹಾವಳಿ ಎಲ್ಲೆಲ್ಲಿ ಎಷ್ಟು ಅಂತ ತೋರಿಸುವ ಜಾಗತಿಕ ನಕ್ಷೆಗಳಿವೆ, ನಿಜ. ಆದರೆ ಅವುಗಳಲ್ಲಿ ಹಲವದರ ಒಂದು ಚೌಕ ಅಂದರೆ ಸುಮಾರು 1 ಕಿಲೋಮೀಟರ್. ಅಷ್ಟರಲ್ಲಿ ನಮ್ಮ ಗದ್ದೆ, ತೋಟ, ಹಳ್ಳ, ದೇವರಕಾಡು ಎಲ್ಲ ಮುಗಿದೇ ಹೋಗುತ್ತದೆ.

ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತವಾಗಿ ಸಿಗುತ್ತದೆ, ಒಂದು ಚುಕ್ಕಿ ಅಂದರೆ 10 ಮೀಟರ್. ಫೆಬ್ರವರಿ–ಮಾರ್ಚ್‌ನದ್ದನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಬರೀ ಮೋಡ. ಬೇಸಿಗೆ ಹೊತ್ತಿಗೆ ಬೆಟ್ಟದ ಮತ್ತಿ, ನಂದಿ ಮರಗಳು ಎಲೆ ಉದುರಿಸಿರುತ್ತವೆ, ನೀರು ಕುಡಿದ ಅಡಿಕೆ ಹಸಿರಾಗೇ ಇರುತ್ತದೆ. ಬೆಟ್ಟ ಯಾವುದು, ತೋಟ ಯಾವುದು ಅಂತ ಆಗ ಬಿಡಿಸಿ ಕಾಣುತ್ತದೆ. ಕಾನಿನ ಗುರುತು ಹಿಡಿಯಲು ಗೂಗಲ್ ಅರ್ಥ್‌ನಲ್ಲಿ ಹತ್ತಿರ ಹೋಗಿ. ಅಡಿಕೆಯ ತಲೆಗಳು ಪುಟ್ಟ ನಕ್ಷತ್ರಗಳು, ಕಾನಿನ ಮರಗಳದ್ದು ದೊಡ್ಡ ದೊಡ್ಡ ಗುಂಡು ತಲೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಗಡಿ ಎಳೆದು, ಪ್ರಿಂಟ್ ತೆಗೆದು, ಕತ್ತಿ ಸಿಕ್ಕಿಸಿಕೊಂಡು ಹೊರಡಿ.

ನಿಜವಾದ ಕೆಲಸ ಇರುವುದು ಸೊಪ್ಪಿನ ಬೆಟ್ಟದಲ್ಲಿ. ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅನ್ನುವುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ದಾಖಲೆಯಲ್ಲಿ ಎಲ್ಲವೂ ಬೆಟ್ಟವೇ, ನೆಲದ ಮೇಲೆ ಒಂದರಂತೆ ಇನ್ನೊಂದಿಲ್ಲ. ಒಂದು ಮತ್ತಿ ಮರದ ಬುಡದಲ್ಲಿ ನಿಲ್ಲಿ. ತಲೆ ಎತ್ತಿ ನೋಡಿ: ಕೊಂಬೆಗಳಿವೆಯೋ, ವರ್ಷಾ ವರ್ಷ ಸೊಪ್ಪು ಕಡಿದು ಕಂಬದ ಮೇಲೆ ಒಂದು ಜುಟ್ಟು ಉಳಿದಿದೆಯೋ? ಆಮೇಲೆ ಕೆಳಗೆ ನೋಡಿ. ದರಕು, ಅಂದರೆ ಉದುರಿದ ಒಣ ಎಲೆ, ಕೈಗೆ ಸಿಗುತ್ತದೆಯೋ, ಗುಡಿಸಿ ಚೊಕ್ಕ ಮಾಡಿ ಜಂಬಿಟ್ಟಿಗೆ ಕಲ್ಲು ಎದ್ದಿದೆಯೋ? ಮೊಣಕಾಲೆತ್ತರದ ಹೊನ್ನೆ, ಮತ್ತಿ ಸಸಿ ಇವೆಯೋ, ಬರೀ ಕಮ್ಯುನಿಸ್ಟ್ ಗಿಡ ಅನ್ನುವ ಕಳೆಯೋ? ಮುಂದಿನ ತಲೆಮಾರಿನ ಮರ ಇಲ್ಲದ ಬೆಟ್ಟ ಎಷ್ಟೇ ಹಸಿರಿದ್ದರೂ ನನ್ನ ಪ್ರಕಾರ ಮುದಿ ಬೆಟ್ಟ.

ಅಂಕ ಹೀಗೆ ಕೊಡಿ, ಮನುಷ್ಯನ ಹಾವಳಿ ಹೆಚ್ಚಿದಷ್ಟೂ ಅಂಕ ಹೆಚ್ಚು. ಕಾನಿಗೆ, ರಾಮಪತ್ರೆ ಮರಗಳಿರುವ ಜೌಗು ಕಾಡಾದ ರಾಮಪತ್ರೆ ಜಡ್ಡಿಗೆ 0. ಸಸಿ ಇರುವ ಬೆಟ್ಟಕ್ಕೆ 1 ಅಥವಾ 2, ಬೋಳು ಬೆಟ್ಟಕ್ಕೆ 3. ಮನೆ, ರಸ್ತೆಗೆ 5. ತೋಟಕ್ಕೆಲ್ಲ ಒಂದೇ ಬಣ್ಣ ಬಳಿಯಬೇಡಿ. ಮೆಣಸು, ಏಲಕ್ಕಿ, ಬಾಳೆ ಸೇರಿದ ಹಳೇ ತೋಟಕ್ಕೂ ಬೋಳು ಬೆಟ್ಟದಷ್ಟೇ 3 ಸಾಕು. ಭತ್ತ ಬಿಟ್ಟು ಶುಂಠಿ ಹಾಕಿದ ಗದ್ದೆಗೆ ಧಾರಾಳವಾಗಿ 4 ಕೊಡಿ.

ಹಳ್ಳವನ್ನು ಬೇರೆ ಗೆರೆಯಾಗಿ ಎಳೆಯಿರಿ. ಪಂಪು ಎಲ್ಲಿ, ಒಡ್ಡು ಎಲ್ಲಿ, ಯಾರ ಬಸಿಗಾಲುವೆ ಎಲ್ಲಿ ಸೇರುತ್ತದೆ ಅಂತ ಗುರುತು ಹಾಕಿ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ. ಅದರ ತಾಮ್ರ ಮಣ್ಣಲ್ಲೇ ಕೂರುತ್ತದೆ, ಮಣ್ಣು ಕೊಚ್ಚಿದರೆ ಜೊತೆಗೇ ಹಳ್ಳಕ್ಕೆ ಹೋಗುತ್ತದೆ.

ಪಕ್ಕದವರ ಬೆಟ್ಟಕ್ಕೆ ಅಂಕ ಹಾಕುವಾಗ ಅವರನ್ನೂ ಕರೆದುಕೊಂಡು ಹೋಗಿ, ಯಾವ ವರ್ಷ ಎಲ್ಲಿ ಕಡಿದರು ಅಂತ ಅವರಿಗೇ ಗೊತ್ತು. ಕೆಂಪು ಪೆನ್ನು ಮಾತ್ರ ಬೇಡ. ಅತಿಕ್ರಮಣದ ಸರ್ವೆ ಅಂದುಕೊಂಡರೆ ಆಸರಿಗೆ (ಕುಡಿಯಲು) ಬೇಕಾ ಅಂತಲೂ ಕೇಳುವುದಿಲ್ಲ.